ಹೈಲ್ ಸಿದ್ರದ ಗಂಡು ಮರ

ಭೋಜರಾಜರ ಪರಿಚಯ ನನಗಾದದ್ದು ಒಂದು ಬೈಗುಳದಿಂದ. ಬೈಗುಳ ನನಗಲ್ಲ, ಒಂದು ಕಣಜದ ಹುಳಕ್ಕೆ. ಹತ್ತು ವರ್ಷದ ಹಿಂದಿನ ಮಾತು. ಶುಕ್ರವಾರ ರಜೆ ಅಂತ ನಾನೂ ಹೆಂಡತಿ ಮಾರ್ಸೆಲಿನಳೂ ಒಮಾನಿನ ನಿಝ್ವಾ ದಾಟಿ ಬೆಟ್ಟದ ಕಡೆ ಸುಮ್ಮನೆ ಕಾರು ಓಡಿಸಿಕೊಂಡು ಹೋಗಿದ್ದೆವು. ಡಾಂಬರು ರಸ್ತೆ ಒಂದು ಖರ್ಜೂರದ ತೋಟದ ಎದುರು ಮುಗಿದೇ ಹೋಯಿತು. ಇಳಿದು ನೀರಿನ ಕಾಲುವೆಯ ಬದಿಯಲ್ಲಿ ನಾಲ್ಕು ಹೆಜ್ಜೆ ಹಾಕಿದ್ದೇವೋ ಇಲ್ಲವೋ, ತಲೆಯ ಮೇಲಿನಿಂದ ಅಪ್ಪಟ ತುಳುವಿನಲ್ಲಿ ಒಂದು ಮಾತು ಬಿತ್ತು. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ಮಾರ್ಸೆಲಿನ್ ಮೊದಲು ಕಿವಿ ಮುಚ್ಚಿಕೊಂಡಳು, ಆಮೇಲೆ ನಗು ತಡೆಯಲಾಗದೆ ಬಾಯಿ ಮುಚ್ಚಿಕೊಂಡಳು.

"ಯಾವೂರು ಮಾರಾಯ್ರೆ ನಿಮ್ದು?" ಎಂದು ನಾನು ಮೇಲೆ ನೋಡಿ ಕೂಗಿದೆ.

ಗರಿಗಳ ನಡುವಿನಿಂದ ಒಂದು ಕಪ್ಪು ಮುಖ ಹೊರಗೆ ಬಂತು. "ಹೆಜಮಾಡಿ! ನಿಮ್ದು?"

"ಶಿರ್ವ!"

"ಪೊರ್ಬುಗಳಾ?"

ನಮ್ಮ ಕಡೆ ಕ್ರೈಸ್ತರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ. ಮರದ ಮೇಲಿನವರು ಶಿರ್ವ ಎಂಬ ಒಂದೇ ಹೆಸರಿನಿಂದ ನನ್ನ ಜಾತಿ ಹಿಡಿದುಬಿಟ್ಟಿದ್ದರು. ಅಂದಿನಿಂದ ಇಂದಿನವರೆಗೆ ನನ್ನ ಸಿರಿಲ್ ಎಂಬ ಹೆಸರು ಅವರ ಬಾಯಲ್ಲಿ ಬಂದದ್ದಿಲ್ಲ. ನಾನು ಪೊರ್ಬುಗಳು, ಅವರು ಭೋಜಣ್ಣ. ನಮ್ಮ ಮಾತು ಅರ್ಧ ತುಳು, ಅರ್ಧ ಊರಿನ ಕನ್ನಡ.

ಒಂದು ವಿಷಯ ಹೇಳಿಬಿಡುತ್ತೇನೆ, ಯಾರಿಗಾದರೂ ಬೇಸರವಾದರೆ ಆಗಲಿ. ಇಪ್ಪತ್ತು ಮೂವತ್ತು ವರ್ಷ ಈ ದೇಶದ ಅನ್ನ ತಿಂದ ನಮ್ಮವರಲ್ಲಿ ಹೆಚ್ಚಿನವರಿಗೆ ಒಮಾನ್ ಎಂದರೆ ರೂವಿಯ ಅಂಗಡಿ, ಅಲ್ ಖುವೈರಿನ ಆಫೀಸು, ಸೀಬಿನ ಫ್ಲಾಟು. ಶುಕ್ರವಾರ ಬಂದರೆ ಮಾಲು, ಇಲ್ಲವೇ ಯಾರದಾದರೂ ಮಗುವಿನ ಬರ್ತ್‌ಡೇ. ಇವರ ನಡುವೆ ಹಳ್ಳಿಯಲ್ಲಿ ಬದುಕಿದ, ಹಳ್ಳಿಯವರ ನೆರೆಯವನಾಗಿ ಬದುಕಿದ ನಮ್ಮವನೊಬ್ಬ ಇದ್ದಾನೆಂದರೆ ನಂಬುವುದಿಲ್ಲ. "ಅಲ್ಲಿ ಎಂತ ಉಂಟು ಮಾರಾಯ್ರೆ, ಆಡು ಬಿಟ್ರೆ?" ಎನ್ನುತ್ತಾರೆ. ಅದಕ್ಕೇ ಈ ಬರಹ.

ಹೈಲ್ ಸಿದ್ರದಲ್ಲಿ ಆಡು ಉಂಟು, ನಿಜ. ಬೆಟ್ಟದ ಬುಡಕ್ಕೆ ಅಂಟಿಕೊಂಡ ನಲ್ವತ್ತು ಮನೆ, ಒಂದು ಮಸೀದಿ, ಮೇಲೆ ಯಾರೂ ವಾಸವಿಲ್ಲದ ಹಳೆಯ ಮಣ್ಣಿನ ಕೇರಿ, ಊರಿಗೆ ಹೆಸರು ಕೊಟ್ಟ ಒಂದು ದೊಡ್ಡ ಬೋರೆ ಮರ. ಊರಿನ ಜೀವ ಫಲಜ್. ಬೆಟ್ಟದ ಹೊಟ್ಟೆಯಿಂದ ಹರಿದುಬರುವ ನೀರಿನ ಕಾಲುವೆಗೆ ಆ ಹೆಸರು. ಮೊದಲು ಕುಡಿಯುವ ನೀರು, ಆಮೇಲೆ ಮಸೀದಿಯ ಕೈಕಾಲು ತೊಳೆಯುವ ಜಾಗ, ಆಮೇಲೆ ಹೆಂಗಸರ ಬಟ್ಟೆಯ ಕಲ್ಲು, ಕೊನೆಗೆ ತೋಟ. ಯಾರ ತೋಟಕ್ಕೆ ಎಷ್ಟು ಹೊತ್ತು ನೀರು ಎನ್ನುವುದನ್ನು ಹಿಂದೆ ನೆಲಕ್ಕೆ ನೆಟ್ಟ ಕೋಲಿನ ನೆರಳು ನೋಡಿ ಹೇಳುತ್ತಿದ್ದರು. ಈಗ ಮೊಬೈಲ್ ನೋಡುತ್ತಾರೆ, ಆದರೂ ಜಗಳವಾದರೆ ಕೋಲಿನ ನೆರಳೇ ಕೊನೆಯ ಮಾತು. ಊರಿಗೆಲ್ಲ ಒಂದೇ ಹೋಟೆಲು, ಉಳ್ಳಾಲದ ಬಾದುಶಾ ಬ್ಯಾರಿಯದು. ಮೂರು ಮೇಜು, ಚಹಾ, ಪರೋಟ, ಮತ್ತು ಊರಿನ ಎಲ್ಲ ಸುದ್ದಿ.

ಆ ಊರಿನ ನಾನೂರು ಖರ್ಜೂರದ ಮರಗಳನ್ನು ಹತ್ತುವ ಕೆಲಸ ಭೋಜಣ್ಣನದು. ಆ ಕೆಲಸದವನಿಗೆ ಅಲ್ಲಿ ಬಿದಾರ್ ಎನ್ನುತ್ತಾರೆ. ಒಣಗಿದ ಗರಿ ಕಡಿಯುವುದು, ಗೊನೆಗಳನ್ನು ಬಾಗಿಸಿ ಕಟ್ಟುವುದು, ಬೇಸಿಗೆಯಲ್ಲಿ ಕೊಯ್ಯುವುದು. ಎಲ್ಲಕ್ಕಿಂತ ದೊಡ್ಡ ಕೆಲಸ ಫೆಬ್ರವರಿ, ಮಾರ್ಚಿನಲ್ಲಿ. ಖರ್ಜೂರದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಗಂಡು ಮರದ ಹೂವನ್ನು ಕೊಯ್ದು, ಎಳೆ ಎಳೆಯಾಗಿ ಬಿಡಿಸಿ, ಒಂದೊಂದು ಹೆಣ್ಣು ಮರಕ್ಕೂ ಹತ್ತಿ ಅದರ ಹೂವಿನ ನಡುವೆ ಸಿಕ್ಕಿಸಿ ಬರಬೇಕು. ಹಾಗೆ ಮಾಡದಿದ್ದರೆ ಹಣ್ಣಿಲ್ಲ. ಪ್ರತಿ ಮರದಲ್ಲೂ ಒಂದು ಗೊನೆ ಬಿದಾರನ ಪಾಲು. ಅದು ಅಜ್ಜಂದಿರ ಕಾಲದ ಕಟ್ಟಳೆ, ಯಾರೂ ಚೌಕಾಸಿ ಮಾಡುವಂತಿಲ್ಲ.

ಹೆಜಮಾಡಿಯವರು ಇಲ್ಲಿಗೆ ಬಂದದ್ದು ಹೇಗೆ ಎಂದರೆ, ಅವರ ಮನೆತನದ ಕೆಲಸವೇ ಮರ ಹತ್ತುವುದು. ಅಪ್ಪ ಮೂರ್ತೆದಾರ, ಅಂದರೆ ತೆಂಗಿನ ಮರದಿಂದ ಕಳ್ಳು ಇಳಿಸುವವರು. ಭೋಜಣ್ಣ ಹದಿನಾರನೆಯ ವಯಸ್ಸಿಗೇ ಕಾಲಿಗೆ ತಳೆ ಹಾಕಿ ಬೆಳಿಗ್ಗೆ ಮೂವತ್ತು, ಸಂಜೆ ಮೂವತ್ತು ಮರ ಹತ್ತಿದವರು. ಆಮೇಲೆ ಯಾರೋ ವೀಸಾ ಕೊಡಿಸಿ, ಅಲ್ ಖುವೈರಿನ ಒಂದು ಆಫೀಸಿನಲ್ಲಿ ಚಹಾ ಕೊಡುವ ಕೆಲಸಕ್ಕೆ ಸೇರಿಸಿದರು. ಆ ಕಂಪನಿ ಎರಡೇ ವರ್ಷಕ್ಕೆ ಮುಚ್ಚಿತು. ಮುಚ್ಚುವ ವಾರ ಅಲ್ಲಿಗೆ ಏನೋ ಕಾಗದಕ್ಕೆ ಬಂದಿದ್ದ ಖಲ್ಫಾನ್ ಎಂಬ ಹೈಲ್ ಸಿದ್ರದ ಯಜಮಾನರು, ಕಾಂಪೌಂಡಿನ ಮರ ಹತ್ತಿ ಸಿಕ್ಕಿಬಿದ್ದ ಬೆಕ್ಕನ್ನು ಇಳಿಸುತ್ತಿದ್ದ ಈ ಆಫೀಸ್ ಬಾಯನ್ನು ನೋಡಿದರು. ಕೆಳಗಿಳಿದ ಕೂಡಲೇ ಕೇಳಿದರಂತೆ, "ನಮ್ಮ ಊರಿಗೆ ಬರ್ತೀಯಾ?" ಹಾಗೆ ಖಲ್ಫಾನ್ ಭೋಜಣ್ಣನ ಕಫೀಲ್, ಅಂದರೆ ವೀಸಾ ಕೊಟ್ಟು ಕೆಲಸಕ್ಕಿಟ್ಟುಕೊಳ್ಳುವ ಧಣಿ, ಆದರು. ಅದು ತೊಂಬತ್ತೆಂಟನೆಯ ಇಸವಿ. ಭೋಜಣ್ಣನಿಗೆ ಮೂವತ್ತು ವರ್ಷ, ಊರಿನಲ್ಲಿ ಹೆಂಡತಿ ಅಪ್ಪಿ ಮತ್ತು ಇನ್ನೂ ನಡೆಯಲು ಬಾರದ ಮಗಳು ಸಮೀಕ್ಷಾ.

ಈಗ ಅವರ ತಪ್ಪಿನ ಕಥೆ. ಇದನ್ನು ಅವರು ನನಗೆ ಹೇಳಿದ್ದು ಪರಿಚಯವಾಗಿ ಎರಡು ವರ್ಷ ಕಳೆದ ಮೇಲೆ, ಅದೂ ಆಣೆ ಹಾಕಿಸಿಕೊಂಡು. ಈಗ ಬರೆಯಲು ಅವರ ಒಪ್ಪಿಗೆ ಇದೆ.

ಬಂದ ಮೊದಲ ಫೆಬ್ರವರಿ. ಊರಿನ ಒಳ್ಳೆಯ ಗಂಡು ಮರ ಇದ್ದದ್ದು ಝುವೈನಾ ಎಂಬ ವಿಧವೆಯ ತೋಟದಲ್ಲಿ. ಬೇರೆ ಎರಡು ಗಂಡು ಮರಗಳಿದ್ದವು, ಆದರೆ ಅವುಗಳ ಹೂ ತಡ. ಊರಿಗೆಲ್ಲ ಹೂ ಹೋಗಬೇಕಾದದ್ದು ಇವರ ಮರದಿಂದಲೇ. ಅದರ ಒಣ ಗರಿ ಕಡಿಯಲಿಕ್ಕೆಂದು ಭೋಜಣ್ಣ ಹತ್ತಿದರು. ತಲೆಯ ಹತ್ತಿರ ಇನ್ನೂ ಬಿರಿಯದ, ಗಟ್ಟಿ ಹೊಂಬಾಳೆಗಳು ನಿಂತಿವೆ. ಕೈಯಲ್ಲಿ ಕತ್ತಿ, ಸೊಂಟದಲ್ಲಿ ಹಗ್ಗ. ಎರಡು ವರ್ಷ ಚಹಾದ ಟ್ರೇ ಹಿಡಿದ ಕೈ. ಆ ಕೈ ಹೊಂಬಾಳೆಯನ್ನು ಊರಿನ ತೆಂಗಿನ ಮರದಲ್ಲಿ ಕಳ್ಳಿಗೆ ಕಟ್ಟಿದ ಹಾಗೇ ಹಗ್ಗದಿಂದ ಬಿಗಿದು ಕಟ್ಟಿತು. ಕತ್ತಿಯ ಹಿಡಿಯಿಂದ ಸುತ್ತಲೂ ಮೆತ್ತಗೆ ಬಡಿಯಿತು. ತುದಿಯನ್ನು ತೆಳ್ಳಗೆ ಕೊಯ್ದಿತು.

"ಕುಡಿಯುವ ಆಸೆಯಿಂದ ಅಲ್ಲವಾ?" ಎಂದು ನಾನು ಕೆಣಕಿದ್ದೆ.

"ಆಸೆ ಇರ್ಲಿಲ್ಲ ಅಂತ ಹೇಳಿದ್ರೆ ಸುಳ್ಳಾಗ್ತದೆ ಪೊರ್ಬುಲೆ. ಆದ್ರೆ ಅದು ಆಮೇಲಿನದ್ದು. ಮೊದ್ಲು ಬೇಕಾದ್ದು ಕೈಗೆ."

ಒಂದು ತೊಟ್ಟೂ ಇಳಿಯಲಿಲ್ಲ. ಮರುದಿನ ಮತ್ತೆ ಹತ್ತಿ ಕೊಯ್ದರು, ಇಲ್ಲ. ಇದು ಎಳೆಯದಿರಬಹುದು ಎಂದು ಪಕ್ಕದ್ದನ್ನು ಕಟ್ಟಿದರು. ಅದೂ ಇಲ್ಲ. ಕಸುಬುದಾರನ ಹಟ, ಬಿಡುವುದುಂಟೇ? ಖರ್ಜೂರ ತೆಂಗಲ್ಲ, ಅದು ಹಾಗೆ ಕೊಡುವ ಮರವಲ್ಲ ಎಂದು ಹೇಳಲು ಅಲ್ಲಿ ಯಾರಿದ್ದರು? ಒಂದು ವಾರದಲ್ಲಿ ಹದಿನಾಲ್ಕು ಹೊಂಬಾಳೆಗಳಲ್ಲಿ ಹನ್ನೊಂದು ಹಾಳಾದವು. ಊರಿಗೆಲ್ಲ ಹಂಚಬೇಕಾದ ಹೂವು ಒಳಗೇ ಜಜ್ಜಿ ಕಪ್ಪಾಯಿತು.

ಹೂ ಕೊಯ್ಯುವ ದಿನ ಖಲ್ಫಾನ್ ಬಂದು ನೋಡಿದರು. ಅಂದೇ ಮಧ್ಯಾಹ್ನ ಊರಿನ ಗಂಡಸರು ಸಬ್ಲಾದಲ್ಲಿ ಕೂತರು. ಸಬ್ಲಾ ಎಂದರೆ ಊರಿನವರು ಸೇರುವ ಚಾವಡಿ. ಹೆಂಗಸರು ಅಲ್ಲಿಗೆ ಬರುವ ರೂಢಿಯಿಲ್ಲ, ಆದರೆ ಮರದ ಒಡತಿಯೆಂದು ಝುವೈನಾ ಬಾಗಿಲ ಹೊರಗೆ ಕೂತರು. ನಡುವೆ ಆ ಕಟ್ಟಿದ ಹೊಂಬಾಳೆಗಳ ರಾಶಿ. ಯಾಕೆ ಹೀಗೆ ಮಾಡಿದೆ ಎಂದು ಕೇಳಿದರು. ಭೋಜಣ್ಣನಿಗೆ ಆಗ ಹತ್ತು ಅರಬಿ ಶಬ್ದವೂ ಬಾರದು. ನಿಜ ಹೇಳಿದರೆ ಹೆಂಡ ತಯಾರಿಸಲು ಹೊರಟವನೆಂದು ಜೈಲು, ಆಮೇಲೆ ಗಡೀಪಾರು. ದುಭಾಷಿಯಾಗಿ ಬಾದುಶಾ ಬ್ಯಾರಿಯನ್ನು ಕರೆತಂದರು.

ಭೋಜಣ್ಣ ಅಳುತ್ತಾ ತುಳುವಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಬಾದುಶಾ ಕೇಳಿ, ಒಮ್ಮೆ ಗಂಟಲು ಸರಿಮಾಡಿಕೊಂಡು, ಸಭೆಗೆ ಅರಬಿಯಲ್ಲಿ ಹೇಳಿದ್ದು ಬೇರೆ: "ಇವನ ಊರಿನಲ್ಲಿ ಮರದ ಹೂವನ್ನು ಹೀಗೆ ಕಟ್ಟಿದರೆ ಸಿಹಿ ನೀರು ಬರುತ್ತದೆ. ಅದನ್ನು ಕಾಯಿಸಿ ಬೆಲ್ಲ ಮಾಡುತ್ತಾರೆ. ಊರಿಗೆ ಬೆಲ್ಲ ಮಾಡಿ ಕೊಡೋಣ ಅಂತ ಮಾಡಿದ."

ಅದು ಪೂರ್ತಿ ಸುಳ್ಳೂ ಅಲ್ಲ, ಬೆಲ್ಲ ಮಾಡುವವರೂ ಇದ್ದಾರೆ. ಸಭೆ ಗುಜುಗುಜು ಮಾಡಿತು. ಹೊರಗೆ ಕೂತಿದ್ದ ಝುವೈನಾ ಒಂದು ಹೊಂಬಾಳೆಯನ್ನು ತರಿಸಿಕೊಂಡು, ಹಗ್ಗದ ಗಂಟನ್ನು ಬೆರಳಲ್ಲಿ ಮುಟ್ಟಿ, ಬಹಳ ಹೊತ್ತು ನೋಡಿದರಂತೆ. ಆಮೇಲೆ ಹೇಳಿದರು: "ಮರ ನನ್ನದು. ಹಾಳು ಮಾಡಿದವನೇ ಇನ್ನೊಂದು ಗಂಡು ಮರ ನೆಟ್ಟು ಬೆಳೆಸಲಿ. ಅಲ್ಲಿಯವರೆಗೆ ಇವನು ಎಲ್ಲಿಗೂ ಹೋಗಬಾರದು. ಖಲಾಸ್."

ಮಾತು ಅಲ್ಲಿಗೆ ಮುಗಿಯಿತು. ಖಲ್ಫಾನ್ ಮತ್ತು ಭೋಜಣ್ಣ ಪಿಕಪ್ಪಿನಲ್ಲಿ ಆರು ಊರು ಸುತ್ತಿ ಹೂ ಬೇಡಿ ತಂದರು. ತಡವಾಗಿತ್ತು, ಆ ವರ್ಷ ಊರಿನ ಫಸಲು ಅರ್ಧಕ್ಕೆ ಇಳಿಯಿತು. ಭೋಜಣ್ಣ ತನ್ನ ಪಾಲಿನ ಗೊನೆಯೊಂದನ್ನೂ ಮುಟ್ಟಲಿಲ್ಲ. ಕೆಟ್ಟ ಮರದ ಬುಡದಿಂದಲೇ ಒಂದು ಕಂದನ್ನು ಬಿಡಿಸಿ ಝುವೈನಾ ಅವರ ಅಂಗಳದ ಎದುರು, ಫಲಜಿನ ದಡದಲ್ಲಿ ನೆಟ್ಟರು. ಆರನೆಯ ವರ್ಷಕ್ಕೆ ಅದು ಹೂ ಬಿಟ್ಟಿತು. ಹಳೆಯದು ಆಮೇಲೆ ಸತ್ತೇ ಹೋಯಿತು. ಈಗ ಊರಿಗೆಲ್ಲ ಹೂವು ಕೊಡುವುದು ಇದೇ ಮರ. ಭೋಜ ಎನ್ನಲು ಊರಿನವರ ನಾಲಗೆ ಹೊರಳದ ಕಾರಣ ಭೋಜಣ್ಣ ಅಲ್ಲಿ "ಬೂಜ್". ಮರವೂ "ಬೂಜ್‌ನ ಗಂಡು".

ಮರ ಬೆಳೆದ ಮೇಲಾದರೂ ಹೋಗಬಹುದಿತ್ತಲ್ಲ? ಭೋಜಣ್ಣ ಹೋಗಲಿಲ್ಲ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ, ಅದೂ ಖರ್ಜೂರ ಕೊಯ್ದು ಮುಗಿದ ಮೇಲೆ. ಫೆಬ್ರವರಿ, ಮಾರ್ಚಿನಲ್ಲಿ ಮಾತ್ರ ಆಕಾಶ ಬಿದ್ದರೂ ಊರು ಬಿಡುವವರಲ್ಲ. ಏಳು ವರ್ಷದ ಹಿಂದೆ ಸಮೀಕ್ಷಾಳ ಮದುವೆ ಮಾರ್ಚಿನಲ್ಲಿ ನಿಶ್ಚಯವಾಯಿತು. ಗಂಡಿನ ಕಡೆಯವರಿಗೆ ಬೇರೆ ಮುಹೂರ್ತ ಹೊಂದಲಿಲ್ಲ. ನಾನು ಫೋನಿನಲ್ಲಿ ಬೈದೆ, ಮಾರ್ಸೆಲಿನ್ ಅತ್ತಳು, ಕಫೀಲ್ ಖಲ್ಫಾನ್ ತಾವೇ ಟಿಕೆಟ್ ತೆಗೆಸುತ್ತೇನೆ ಎಂದರು. ಇವರು ಕೇಳಲಿಲ್ಲ. "ಆ ತಿಂಗಳಲ್ಲೇ ನಾನು ಇವರಿಗೆ ಅನ್ಯಾಯ ಮಾಡಿದ್ದು ಪೊರ್ಬುಲೆ. ಸುಳ್ಳು ಹೇಳಿಸಿ ಉಳ್ಕೊಂಡವ ನಾನು. ಆ ತಿಂಗಳು ನಾನು ಇಲ್ಲಿ ಇರ್ಬೇಕು." ಮಗಳ ಧಾರೆಯನ್ನು ಅವರು ತೋಟದ ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ನೋಡಿದರು. ಅಂಗಿಯ ಮೇಲೆಲ್ಲ ಗಂಡು ಹೂವಿನ ಬಿಳಿ ಪುಡಿ. ಸಮೀಕ್ಷಾ ಆಮೇಲೆ ಒಂದು ವರ್ಷ ಅವರ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಅವಳ ತಪ್ಪು ಎಂದು ನಾನಂತೂ ಹೇಳುವುದಿಲ್ಲ.

ಇನ್ನು ಝುವೈನಾ. ಭೋಜಣ್ಣ ಅವರನ್ನು ಕರೆಯುವುದು "ಉಮ್ಮಿ" ಎಂದು, ಅಂದರೆ ನನ್ನಮ್ಮ. ಈಗ ಎಪ್ಪತ್ತಮೂರು ವರ್ಷ, ಬೆನ್ನು ಬಾಗಿದೆ, ಬಾಯಿ ಬಾಗಿಲ್ಲ. ಹುಟ್ಟಿದ್ದು ದೂರದ ಝಾಂಜಿಬಾರಿನಲ್ಲಿ. ಹೈಲ್ ಸಿದ್ರದಿಂದ ಸಮುದ್ರ ದಾಟಿ ಅಲ್ಲಿಗೆ ಹೋಗಿದ್ದದ್ದು ಅವರ ಒಂದೇ ಮನೆ. ಹನ್ನೆರಡನೆಯ ವಯಸ್ಸಿಗೆ ಅಪ್ಪನ ಜೊತೆ ವಾಪಸು ಬಂದವರು. ಸಿಟ್ಟು ಬಂದರೆ ಆಡುಗಳಿಗೆ ಇಂದಿಗೂ ಬೈಯುವುದು ಸ್ವಾಹಿಲಿಯಲ್ಲಿ. ಸುತ್ತ ಹತ್ತೂರಲ್ಲಿ ಅನ್ನಕ್ಕೂ ಮೀನಿಗೂ ತೆಂಗಿನಕಾಯಿ ಬೇಕೇ ಬೇಕು ಎನ್ನುವ ಹೆಂಗಸು ಅವರೊಬ್ಬರೇ. ಕೂತು ತುರಿಯುವ ಒಂದು ಮಣೆ ಇದೆ ಅವರಲ್ಲಿ, ತುದಿಯಲ್ಲಿ ಹಲ್ಲಿನ ಕಬ್ಬಿಣ. ಥೇಟ್ ನಮ್ಮ ತುರಿಮಣೆ. ಅದನ್ನು ಮೊದಲು ನೋಡಿದಾಗ ಭೋಜಣ್ಣನಿಗೆ ಕಣ್ಣಲ್ಲಿ ನೀರು ಬಂದಿತ್ತಂತೆ. ರಜೆ ಮುಗಿಸಿ ಬರುವಾಗೆಲ್ಲ ಅವರ ಪೆಟ್ಟಿಗೆಯಲ್ಲಿ ಆರು ಸುಲಿದ ತೆಂಗಿನಕಾಯಿ ಇರುತ್ತಿದ್ದದ್ದು ಆ ಮಣೆಗಾಗಿ.

ಹೋದ ವರ್ಷ ಭೋಜಣ್ಣನ ಬಲ ಮೊಣಕಾಲು ಕೈಕೊಟ್ಟಿತು. ನಿಝ್ವಾದ ಡಾಕ್ಟರು ಎಕ್ಸ್‌ರೇ ನೋಡಿ, ಇನ್ನು ಮರ ಹತ್ತಿದರೆ ಇಳಿಯುವಾಗ ಸ್ಟ್ರೆಚರ್ ಬೇಕಾಗುತ್ತದೆ ಎಂದರು. ಈ ಫೆಬ್ರವರಿಯಲ್ಲಿ ಖಲ್ಫಾನ್ ಡ್ರೋನ್ ತರಿಸಿದರು. ಗಂಡು ಹೂವಿನ ಪುಡಿಯನ್ನು ಅದಕ್ಕೆ ತುಂಬಿಸಿ ಮೇಲಿನಿಂದ ಉದುರಿಸುತ್ತಾರೆ. ನಾನೂರು ಮರ, ಎರಡು ದಿನ. ಪುಡಿ ಮಾತ್ರ ಬೂಜ್‌ನ ಗಂಡಿನದೇ ಆಗಬೇಕಾಯಿತು. ಇಬ್ಬರು ಬಾಂಗ್ಲಾದ ಹುಡುಗರು ಏಣಿ ಹಾಕಿ ಹೂ ಕೊಯ್ದರು. ಭೋಜಣ್ಣ ಕೆಳಗೆ ನಿಂತು, ಆ ಬಡಪಾಯಿಗಳ ಏಳು ತಲೆಮಾರನ್ನೂ ಬಿಡದೆ, ಎಲ್ಲಿ ಕೊಯ್ಯಬೇಕೆಂದು ಹೇಳಿಕೊಟ್ಟರು. ಖಲ್ಫಾನ್ ಹೇಳಿದರು, "ನೀನು ಹತ್ತುವುದು ಬೇಡ, ಬೂಜ್. ನೀರು ನೋಡಿಕೊಂಡು ಕೂತಿರು. ವೀಸಾ ನಡೆಯುತ್ತದೆ." ಭೋಜಣ್ಣ ಒಪ್ಪಲಿಲ್ಲ. ಹತ್ತದವನಿಗೆ ಗೊನೆಯ ಹಕ್ಕಿಲ್ಲ ಎಂದರು. ಮಾರ್ಚ್ ಕೊನೆಯ ಶುಕ್ರವಾರಕ್ಕೆ ಟಿಕೆಟ್ ಆಯಿತು.

ಆ ಊರಿನಲ್ಲಿ ಒಂದು ಪದ್ಧತಿ ಇದೆ. ಹಜ್‌ಗೆ ಹೋಗುವವರು, ಊರು ಬಿಟ್ಟು ಹೋಗುವವರು, ಹೊರಡುವ ಮೊದಲು ಮನೆ ಮನೆಗೆ ಹೋಗಿ "ಸಾಮಹ್ನಿ" ಎನ್ನಬೇಕು, ನನ್ನನ್ನು ಕ್ಷಮಿಸು ಎಂದು. ಮನೆಯವರು "ಮಸ್ಮೂಹ್" ಎನ್ನುತ್ತಾರೆ, ಕ್ಷಮಿಸಿದ್ದೇನೆ ಎಂದು. ಆಮೇಲೆ ಮನೆಯವರೂ ಹೋಗುವವನ ಕ್ಷಮೆ ಕೇಳುವುದುಂಟು. ಎಲ್ಲ ಒಂದು ಲೋಟ ಕಹ್ವಾ ಎಂಬ ಕಪ್ಪು ಕಾಫಿ, ನಾಲ್ಕು ಖರ್ಜೂರದಲ್ಲಿ ಮುಗಿಯುವ ಕೆಲಸ. ಭೋಜಣ್ಣ ಎರಡು ದಿನದಲ್ಲಿ ಮೂವತ್ತೊಂಬತ್ತು ಮನೆ ಮುಗಿಸಿದರು. ನಲ್ವತ್ತನೆಯದು ಝುವೈನಾ ಅವರದು. ಅದನ್ನು ಬಿಟ್ಟುಕೊಂಡು ಬಾದುಶಾನ ಹೋಟೆಲಿನಲ್ಲಿ ಕೂತಿದ್ದರು, ನಾನು ಕಾರು ತೆಗೆದುಕೊಂಡು ಮುಟ್ಟುವಾಗ.

"ನಿಮ್ಮ ಜನಕ್ಕೆ ತಲೆ ಕೆಟ್ಟಿದೆ, ನೋಡಿ," ಎಂದು ಬಾದುಶಾ ನನ್ನನ್ನು ಕಂಡ ಕೂಡಲೇ ಶುರು ಮಾಡಿದ. "ಆಯಮ್ಮನ ಹತ್ರ ಹೋಗಿ ನಿಜ ಹೇಳ್ತಾರಂತೆ! ಬೆಲ್ಲ ಅಲ್ಲ, ಕಳ್ಳು ಅಂತ! ಇಪ್ಪತ್ತೇಳು ವರ್ಷ ಆದ ಮೇಲೆ!"

"ಹೇಳದೆ ಕ್ಷಮೆ ಕೇಳಿದ್ರೆ ಅದು ಎಂತ ಕ್ಷಮೆ ಸಾಯ್ಬೆರೆ?" ಭೋಜಣ್ಣ ಚಹಾ ಮುಟ್ಟಿರಲಿಲ್ಲ. "ಅವ್ರು ಮಸ್ಮೂಹ್ ಅಂತಾರೆ. ಯಾವುದಕ್ಕೆ ಅಂತ ಅವ್ರಿಗೆ ಗೊತ್ತಿಲ್ಲ. ನಾನು ಅದನ್ನು ಕದ್ದ ಹಾಗೆ ಆಗ್ತದೆ."

"ಮತ್ತೆ ನಾನು? ಸುಳ್ಳು ಹೇಳಿದ್ದು ನಾನಲ್ವಾ? ನೀವು ಹೇಳಿ ವಿಮಾನ ಹತ್ತಿ ಹೋಗ್ತೀರಿ, ನಾನು ಇಲ್ಲೇ ಪರೋಟ ಮಾಡ್ಬೇಕು ಮಾರಾಯ್ರೆ. ನಾಳೆಯಿಂದ ಯಾರು ನನ್ನ ಮಾತು ನಂಬ್ತಾರೆ?"

ನಾನೂ ಬಾದುಶಾನ ಪಕ್ಷ. ನಮ್ಮಲ್ಲಾದರೆ ಪಾದ್ರಿಗಳ ಕಿವಿಗೆ ಹಾಕಿ, ನಾಲ್ಕು ಪ್ರಾರ್ಥನೆ ಹೇಳಿ ಮುಗಿಸುತ್ತೇವೆ, ಸಂಬಂಧಪಟ್ಟವರ ತನಕ ಹೋಗುವ ಗೋಜಿಲ್ಲ. "ಭೋಜಣ್ಣ, ಅವರು ವಯಸ್ಸಾದವರು," ಎಂದೆ. "ಹೊರಡುವ ದಿನ ಅವರ ಮನಸ್ಸು ಯಾಕೆ ಮುರೀತೀರಿ? ನಿಮ್ಮ ಮೇಲಿನ ಪ್ರೀತಿ ಹೋದ್ರೆ?"

"ಅದೇ ಹೆದರಿಕೆ," ಎಂದರು ಅವರು. "ಅದು ಹೋದ್ರೆ ಇಲ್ಲಿಂದ ನಾನು ತಕೊಂಡು ಹೋಗುವಂತದ್ದು ಬೇರೆ ಎಂತದೂ ಇಲ್ಲ." ಹಾಗೆ ಹೇಳಿ ಎದ್ದು, ಕುಂಟುತ್ತಾ ನಡೆದೇಬಿಟ್ಟರು. ನಾವಿಬ್ಬರೂ ಹಿಂದೆ. ಬಾದುಶಾ ಅಂಗಡಿಗೆ ಬೀಗ ಹಾಕುವುದನ್ನೂ ಮರೆತಿದ್ದ.

ಝುವೈನಾ ಅಂಗಳದಲ್ಲಿ ಆ ಮಣೆಯ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಿದ್ದರು. ಹೊರಡುವವನಿಗೆ ಕಾಯಿಹಾಲಿನ ಅನ್ನ ಮಾಡುವ ಯೋಚನೆ. ಎದುರಿಗೇ ಗಂಡು ಮರ. ನಮಗೆ ಚಾಪೆ ತೋರಿಸಿದರು, ಕಹ್ವಾ ತರಿಸಿದರು. ಭೋಜಣ್ಣ ಕೂರಲಿಲ್ಲ.

"ಸಾಮಹ್ನಿ, ಉಮ್ಮಿ."

"ಮಸ್ಮೂಹ್, ಮಸ್ಮೂಹ್," ಎಂದು ಅವರು ತಲೆ ಎತ್ತದೆ ಅಂದರು. "ಕೂತುಕೋ."

"ಇಲ್ಲ, ಮೊದಲು ಕೇಳಿ." ಭೋಜಣ್ಣನ ಅರಬಿ ನೀರಿಗೆ, ಮರಕ್ಕೆ, ಹವೆಗೆ ಸಾಕಾಗುವ ಅರಬಿ. ಅದರಲ್ಲೇ ಹೇಳಿದರು. ಬಾದುಶಾ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದ. "ಆ ವರ್ಷ ನಾನು ಹೂವು ಕಟ್ಟಿದ್ದು ಬೆಲ್ಲಕ್ಕೆ ಅಲ್ಲ. ನಮ್ಮ ಊರಲ್ಲಿ ಅದರಿಂದ ಕುಡಿಯುವುದು ಮಾಡುತ್ತಾರೆ. ನನ್ನ ಅಪ್ಪ ಮಾಡುತ್ತಿದ್ದ, ನಾನೂ ಮಾಡುತ್ತಿದ್ದೆ. ಇಲ್ಲೂ ಅದನ್ನೇ ಮಾಡಲು ಹೋದೆ. ಬಾದುಶಾ ನನ್ನನ್ನು ಉಳಿಸಲು ಬೆಲ್ಲ ಅಂದ. ತಪ್ಪು ನನ್ನದು."

ಮಣೆಯ ಸದ್ದು ನಿಂತಿತು. ಈ ಮುದುಕಿ ಈಗ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಈ ಮನುಷ್ಯ ಇನ್ನು ಬದುಕಿರುವವರೆಗೂ ಇಲ್ಲೇ ನಿಂತಿರುತ್ತಾನೆ ಅನ್ನಿಸಿತು.

"ತೆಂಬೊ," ಎಂದರು ಝುವೈನಾ.

ನಮಗೆ ಯಾರಿಗೂ ಅರ್ಥವಾಗಲಿಲ್ಲ.

"ಝಾಂಜಿಬಾರಿನಲ್ಲಿ ಅದಕ್ಕೆ ತೆಂಬೊ ಎನ್ನುತ್ತೇವೆ. ನಮ್ಮ ಅಪ್ಪನ ಲವಂಗದ ತೋಟದ ಬೇಲಿಯ ಆಚೆ ತೆಂಗಿನ ಮರಗಳಿದ್ದವು. ಒಬ್ಬ ದಿನಕ್ಕೆ ಎರಡು ಸಲ ಬಂದು ಹತ್ತುತ್ತಿದ್ದ. ಹೂವು ಕಟ್ಟುತ್ತಿದ್ದ, ಬಡಿಯುತ್ತಿದ್ದ, ಕೊಯ್ಯುತ್ತಿದ್ದ. ನೋಡಬೇಡ ಎಂದು ಅಪ್ಪ ಬೈಯುತ್ತಿದ್ದರು, ನಾನು ನೋಡುತ್ತಿದ್ದೆ. ಅವತ್ತು ಸಬ್ಲಾದ ಬಾಗಿಲಲ್ಲಿ ನಿನ್ನ ಗಂಟು ನೋಡಿದ ಕೂಡಲೇ ನನಗೆ ಗೊತ್ತಾಯಿತು. ಅದೇ ಗಂಟು." ಬಾದುಶಾನ ಕಡೆ ತಿರುಗಿದರು. "ನೀನು ಬೆಲ್ಲ ಅಂದಾಗ ನನಗೆ ನಗು ಬಂದಿತ್ತು."

ಬಾದುಶಾ ಬಾಗಿಲ ಹೊಸ್ತಿಲ ಮೇಲೆ ಕೂತೇಬಿಟ್ಟ.

"ಒಂದು ಮಾತು ಹೇಳು," ಎಂದು ಝುವೈನಾ ಕೇಳಿದರು. "ಒಂದು ತೊಟ್ಟಾದರೂ ಬಂತಾ?"

"ಇಲ್ಲ, ಉಮ್ಮಿ."

"ಬರುವುದಿಲ್ಲ. ಖರ್ಜೂರ ಹಾಗೆ ಕೊಡುವುದಿಲ್ಲ." ಅವರು ನಕ್ಕರು. ನಾವೂ ನಕ್ಕೆವು. ಇಪ್ಪತ್ತೇಳು ವರ್ಷದ ಹೆದರಿಕೆ ಇಷ್ಟು ಸುಲಭದಲ್ಲಿ ಮುಗಿಯಿತಲ್ಲ ಎಂದು ನನಗೆ ಕುಣಿಯುವಷ್ಟು ಖುಷಿಯಾಯಿತು. ಕಹ್ವಾದ ಎರಡನೆಯ ಲೋಟಕ್ಕೆ ಕೈ ಹಾಕಿದೆ.

ಝುವೈನಾ ಮಾತ್ರ ನಗುವುದನ್ನು ನಿಲ್ಲಿಸಿ ಮರದ ಕಡೆ ನೋಡುತ್ತಿದ್ದರು.

"ಈಗ ನನ್ನ ಸರದಿ, ಬೂಜ್. ಸಾಮಹ್ನಿ."

"ನೀವು ಯಾಕೆ, ಉಮ್ಮಿ?"

"ನಾನು ಇಲ್ಲಿಗೆ ಬಂದಾಗ ಹನ್ನೆರಡು ವರ್ಷ. ನನ್ನ ಅರಬಿ ಕೇಳಿ ಮಕ್ಕಳು ನಗುತ್ತಿದ್ದರು. ತೆಂಗಿನ ಮರ ಎಲ್ಲಿ ಎಂದು ಕೇಳಿದ್ದಕ್ಕೂ ನಕ್ಕರು. ಆಮೇಲೆ ನೀನು ಬಂದೆ. ಆ ಗಂಟನ್ನು ಬಲ್ಲವನು ಈ ಊರಿನಲ್ಲಿ ಒಬ್ಬನಾದರೂ ಇರಲಿ ಎಂದು ಉಳಿಸಿಕೊಂಡೆ. ಅದು ಸರಿ. ಆದರೆ ಮರ ಬೆಳೆದ ಮೇಲೆ ನಿನಗೆ ಹೇಳಬೇಕಿತ್ತು, ನನಗೆ ಗೊತ್ತು ಎಂದು. ಪ್ರತಿ ವರ್ಷ ಈ ತಿಂಗಳಲ್ಲಿ ನೀನು ಮರದ ಕೆಳಗೆ ತಲೆ ತಗ್ಗಿಸಿ ಹೋಗುವುದನ್ನು ನೋಡುತ್ತಿದ್ದೆ. ಹೇಳಿದರೆ ನಿನ್ನ ಭಾರ ಇಳಿಯುತ್ತದೆ, ಇಳಿದರೆ ನೀನು ಹೋಗಿಬಿಡುತ್ತೀ. ಅದಕ್ಕೇ ಹೇಳಲಿಲ್ಲ. ನಿನ್ನ ಮಗಳ ಮದುವೆಯ ದಿನ ನೀನು ಆ ಕಟ್ಟೆಯ ಮೇಲೆ ಫೋನು ಹಿಡಿದು ಕೂತಿದ್ದೆ. ನಾನು ಇಲ್ಲೇ, ಇದೇ ಮಣೆಯ ಮೇಲೆ ಇದ್ದೆ. ಅದರ ಹಿಂದಿನ ವಾರ ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ."

ಭೋಜಣ್ಣನ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ. ಆ ಮದುವೆಗೆ ನಾನು ಹೋಗಿದ್ದೆ. ಅಪ್ಪನ ಜಾಗದಲ್ಲಿ ಚಿಕ್ಕಪ್ಪ ನಿಂತು ಧಾರೆ ಎರೆದದ್ದನ್ನೂ, ಸಮೀಕ್ಷಾ ಒಮ್ಮೆಯೂ ಆ ಫೋನಿನ ಕಡೆ ನೋಡದಿದ್ದದ್ದನ್ನೂ ಕಂಡವನು ನಾನು.

ಝುವೈನಾ ಮಣೆಯಿಂದ ಮೆಲ್ಲಗೆ ಎದ್ದರು. ಭೋಜಣ್ಣ ಹೋಗಿ ಆ ಮಣೆಯ ಮೇಲೆ, ನೋಯುವ ಕಾಲನ್ನು ಉದ್ದಕ್ಕೆ ಚಾಚಿ, ಕೂತರು. ಉಳಿದಿದ್ದ ಅರ್ಧ ಹೋಳನ್ನು ಕೈಗೆತ್ತಿಕೊಂಡು ತುರಿಯತೊಡಗಿದರು. ಅವರು ತಕ್ಷಣ "ಮಸ್ಮೂಹ್" ಎನ್ನುತ್ತಾರೆಂದು ನಾನು ಕಾದೆ. ಆ ಊರಿನಲ್ಲಿ ಅದನ್ನು ಯಾರೂ ತಡಮಾಡಿ ಹೇಳುವುದಿಲ್ಲ. ಇವರು ಸುಮ್ಮನೆ ತುರಿಯುತ್ತಲೇ ಇದ್ದರು. ಮುದುಕಿ ಎದುರಿಗೆ ಬಾಗಿದ ಬೆನ್ನಿನಲ್ಲಿ ನಿಂತೇ ಇದ್ದರು, ಕೂರಲಿಲ್ಲ, ಇನ್ನೊಮ್ಮೆ ಕೇಳಲೂ ಇಲ್ಲ. ಚಿಪ್ಪಿನ ಕಂದು ಕಾಣುವವರೆಗೆ ತುರಿದು, ತಟ್ಟೆಯನ್ನು ಅವರ ಕಡೆ ಸರಿಸಿದ ಮೇಲೆ ಭೋಜಣ್ಣ ಹೇಳಿದರು:

"ಮಸ್ಮೂಹ್, ಉಮ್ಮಿ."

ಝುವೈನಾ ಭೋಜಣ್ಣನ ತಲೆಯ ಮೇಲೆ ಕೈ ಇಟ್ಟರು. ಆಮೇಲೆ ತಟ್ಟೆ ಎತ್ತಿಕೊಂಡು ಅನ್ನ ಮಾಡಲು ಒಳಗೆ ಹೋದರು. ನಾವು ಉಂಡೇ ಹೊರಟೆವು. ಖಲ್ಫಾನ್ ಡಿಕ್ಕಿಯಲ್ಲಿ ಎರಡು ಡಬ್ಬ ಖರ್ಜೂರ ಇಟ್ಟರು. ಬಾದುಶಾ ಕಾರಿನ ಕಿಟಕಿ ಹಿಡಿದು ನಿಂತು, "ಯಲ್ಲಾ, ಹೊರಡಿ, ನನ್ನ ಅಂಗಡಿ ತೆರೆದೇ ಉಂಟು" ಎಂದು ಗದರಿ, ಕಣ್ಣೊರೆಸಿಕೊಂಡು ತಿರುಗಿ ನಡೆದ.

ನಿಝ್ವಾ ದಾಟುವವರೆಗೂ ನಾನು ರೇಡಿಯೋ ಹಾಕಲಿಲ್ಲ. ದೊಡ್ಡ ರಸ್ತೆ ಸಿಕ್ಕ ಮೇಲೆ ಅವರು ಫೋನು ತೆಗೆದು ಒತ್ತಿದರು. ಕಿವಿ ಮಂದವಾದ್ದರಿಂದ ಅವರದು ಯಾವಾಗಲೂ ಸ್ಪೀಕರಿನಲ್ಲೇ.

"ಹಾಂ ಪಪ್ಪಾ, ಏರ್‌ಪೋರ್ಟ್ ಮುಟ್ಟಿದ್ರಾ?"

"ಇಲ್ಲ ಮಗಾ, ದಾರಿಯಲ್ಲಿದ್ದೇನೆ. ಪೊರ್ಬುಗಳ ಕಾರು." ಅವರು ಫೋನನ್ನು ಬಾಯಿಯ ಹತ್ತಿರಕ್ಕೆ ತಂದರು. "ನಿನ್ನ ಹತ್ರ ಒಂದು ಕೇಳ್ಲಿಕ್ಕುಂಟು. ಇಲ್ಲಿ ಊರು ಬಿಡುವಾಗ ಎಲ್ಲರ ಹತ್ರ ಕೇಳುವ ಕ್ರಮ. ನಿನ್ನ ಹತ್ರ ಕೇಳಿರ್ಲಿಲ್ಲ."

"ಎಂತ ಪಪ್ಪಾ?"

"ನಿನ್ನ ಮದುವೆಗೆ ನಾನು ಬರ್ಲಿಲ್ಲ. ತಪ್ಪಾಯ್ತು. ನನ್ನನ್ನು ಕ್ಷಮಿಸ್ತೀಯಾ?"

ಫೋನು ಕಟ್ಟಾಯಿತೆಂದು ನಾನು ಪರದೆ ನೋಡಿದೆ, ಸೆಕೆಂಡುಗಳು ಓಡುತ್ತಲೇ ಇದ್ದವು. ಅವಳು ಮೂಗು ಎಳೆದುಕೊಂಡದ್ದು ಕೇಳಿಸಿತು.

"ಮೊದ್ಲು ಊರಿಗೆ ಬನ್ನಿ ಪಪ್ಪಾ," ಎಂದಳು. "ಆಮೇಲೆ ನೋಡುವ."

"ಆಯ್ತು ಮಗಾ," ಎಂದು ಭೋಜಣ್ಣ ಫೋನನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಇನ್ನೂ ಸ್ವಲ್ಪ ಬೇಗ ಓಡಿಸಲಿಕ್ಕಾಗುತ್ತದಾ ಎಂದು ಕೇಳಿದರು.